ಬೆಸುಗೆಯ ಕಾವು

ನಮ್ಮ ಕವಿಗಳು ‘ಬೆಸುಗೆ’ ಎಂಬ ಮಾತನ್ನು ಮನಸ್ಸುಗಳ ಕೂಟಕ್ಕೆ ಧಾರಾಳವಾಗಿ ಬಳಸಿದ್ದಾರೆ. ಬೆಸುಗೆ ಹಾಕುವ ಸಲಕರಣೆಯತ್ತ ಕಣ್ಣು ಹಾಯಿಸಿದವರು ವಿರಳ. ರೇಡಿಯೋ ಜೋಡಿಸುವ ಹವ್ಯಾಸ ಹಿಡಿದಿರುವ ನನ್ನ ಮೊಮ್ಮಗ, “ತಾತ, ಎಷ್ಟು ವ್ಯಾಟಿನ ಸೋಲ್ಡರಿಂಗ್ ಐರನ್ ಕೊಳ್ಳಲಿ?” ಎಂದು ಕೇಳಿದಾಗ ಅದರ ಚರಿತ್ರೆಯೆಲ್ಲ ನೆನಪಾಯಿತು. ಕನ್ನಡ ಎಂ.ಎ. ಮಾಡಿದವನಿಗೆ ಇದೇಕೆ ಎನ್ನಬೇಡಿ. ಹರೆಯದಲ್ಲಿ ಇದೇ ಹವ್ಯಾಸದಲ್ಲಿ ಕೈಸುಟ್ಟುಕೊಂಡವನು ನಾನು.

ಹೆಸರಿಗೆ ಅದು ಐರನ್. ಶಾಖ ಮುಟ್ಟಿಸುವ ತುದಿಯ ಒಡಲು ತಾಮ್ರ. ಕಬ್ಬಿಣಕ್ಕಿಂತ ತಾಮ್ರ ಶಾಖವನ್ನು ಬೇಗ ಸಾಗಿಸುತ್ತದೆ. ನನ್ನ ಬಾಲ್ಯದಲ್ಲಿ ತಗಡಿನ ಕೆಲಸದವರು ತಾಮ್ರದ ದಪ್ಪ ಗಟ್ಟಿಯನ್ನು ಇದ್ದಲ ಒಲೆಯಲ್ಲಿ ಕಾಯಿಸಿ, ನವಸಾಗರಕ್ಕೆ ಉಜ್ಜಿ, ಸೀಮೆಎಣ್ಣೆ ಡಬ್ಬದ ತೂತು ಮುಚ್ಚುತ್ತಿದ್ದರು. ಕಾವು ಆರುವುದರೊಳಗೆ ಕೆಲಸ ಮುಗಿಯಬೇಕು. ಆದ್ದರಿಂದ ಗಟ್ಟಿ ದೊಡ್ಡದಿದ್ದಷ್ಟೂ ಮೇಲು. 1921ರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ಕಾರ್ಖಾನೆಗಳಿಗಾಗಿ ವಿದ್ಯುತ್ತಿನ ಐರನ್ ರೂಪಿಸಿದ ಮೇಲೆ ಒಲೆಯ ಹಂಗು ತಪ್ಪಿತು. ದೊಡ್ಡದೇ ಮೇಲೆಂಬ ನಂಬಿಕೆ ಉಳಿಯಿತು. ವಾಲ್ವ್ ರೇಡಿಯೋಗಳ ಕಾಲದಲ್ಲಿ ಅದು ತಪ್ಪೂ ಆಗಿರಲಿಲ್ಲ. ಅವುಗಳ ದಪ್ಪ ತಂತಿ, ಲೋಹದ ತಟ್ಟೆಗಳು ಕೊಟ್ಟಷ್ಟು ಶಾಖವನ್ನೂ ಹೀರುತ್ತಿದ್ದವು.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಈ ನಂಬಿಕೆಯನ್ನು ಕೆಡವಿತು. ಮೊದಮೊದಲಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಶಾಖಕ್ಕೆ ಬಲು ನಾಜೂಕು. ಅವುಗಳ ಕಾಲನ್ನು ಇಕ್ಕಳದಿಂದ ಹಿಡಿದು, ಕಾವು ಒಳಹೋಗದಂತೆ ತಡೆದು ಬೆಸೆಯಬೇಕಿತ್ತು. ಇದನ್ನು ನಾನು ಕಲಿತದ್ದು ಅಣ್ಣನ ಟ್ರಾನ್ಸಿಸ್ಟರ್ ಸೆಟ್ಟನ್ನು ಕೆಡಿಸಿ. ಪಾತ್ರೆ ಬೆಸೆಯುವ 100 ವ್ಯಾಟಿನ ಐರನ್ ತಾಗಿಸಿದೆ. ಸರ್ಕ್ಯೂಟ್ ಹಲಗೆಯ ತಾಮ್ರದ ಎಳೆಗಳು ಸಿಪ್ಪೆಯಂತೆ ಎದ್ದುಬಂದವು. ಅಣ್ಣ ಬಯ್ಯಲಿಲ್ಲ. ಆ ಸೆಟ್ಟು ಮತ್ತೆ ಮಾತಾಡಲೂ ಇಲ್ಲ.

63 ಭಾಗ ತವರ, 37 ಭಾಗ ಸೀಸ ಬೆರೆತ ಬೆಸುಗೆ ಲೋಹ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ತುದಿ ಕಳೆದುಕೊಂಡ ಶಾಖವನ್ನು ಎಷ್ಟು ಬೇಗ ತುಂಬಿಕೊಡಬಹುದೆಂಬುದಕ್ಕೆ ವ್ಯಾಟ್ ಲೆಕ್ಕ. ತುದಿ ಎಷ್ಟು ಕಾದಿದೆಯೆಂದು ಅದೊಂದೇ ಹೇಳದು. ಕಾವನ್ನು ಅಂಕೆಯಲ್ಲಿಡಲು ಕಂಡುಕೊಂಡ ಉಪಾಯಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ವೆಲ್ಲರ್ ಕಂಪನಿಯದು. ಗೊತ್ತಾದ ಒಂದು ಕಾವಿನಲ್ಲಿ ಕಬ್ಬಿಣದಂಥ ಲೋಹಗಳು ಕಾಂತಗುಣ ಕಳೆದುಕೊಳ್ಳುವುದನ್ನು ಪಿಯೆರ್ ಕ್ಯೂರಿ 1895ರಲ್ಲೇ ವಿವರಿಸಿದ್ದ. ವೆಲ್ಲರ್‌ನವರು ಅಂಥ ಲೋಹದ ತುಣುಕನ್ನು ತುದಿಯ ಹಿಂಬದಿಗೆ ಕೂರಿಸಿದರು. ಸಾಕಷ್ಟು ಕಾದೊಡನೆ ಅದನ್ನು ಅಯಸ್ಕಾಂತ ಬಿಟ್ಟುಕೊಡುತ್ತದೆ, ವಿದ್ಯುತ್ತು ಕಡಿಯುತ್ತದೆ. ಆರಿದರೆ ಮತ್ತೆ ಕೂಡುತ್ತದೆ.

ಮೊಮ್ಮಗನಿಗೆ, ಕಾವನ್ನು ತಾನೇ ನಿಯಂತ್ರಿಸಿಕೊಳ್ಳುವ 60 ವ್ಯಾಟಿನದನ್ನು ಕೊಳ್ಳೆಂದೆ. ಬೆಲೆ ಹೆಚ್ಚೆಂದು ಅವನ ತಂದೆ ಗೊಣಗಿದ. ಹಾಗಾದರೆ ಸಾದಾ ಐರನ್ನೇ ಆಗಲಿ, 25 ವ್ಯಾಟ್ ದಾಟಬೇಡ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂಡಬೇಡ ಎಂದೆ. ಅಣ್ಣನ ಸೆಟ್ಟು ಇನ್ನೂ ಅಟ್ಟದ ಮೇಲಿದೆ. ಮೊದಲು ಅದನ್ನೇ ಬಿಚ್ಚುವನಂತೆ.