ಹೆಸರಿಲ್ಲದ ಒಂದು ಹಾಡುಗಾರರ ತಂಡ

1966ರಲ್ಲಿ ಲಂಡನ್ನಿನಲ್ಲಿ ಮೂವರು ಹೆಸರಾಂತ ಸಂಗೀತಗಾರರು ತಮ್ಮ ಹಳೆಯ ತಂಡಗಳನ್ನು ಬಿಟ್ಟು ‘ಕ್ರೀಮ್’ ಎಂಬ ರಾಕ್ ತಂಡ ಕಟ್ಟಿದರು. ಆಗಲೇ ಹೆಸರು ಮಾಡಿದವರೆಲ್ಲ ಒಂದಾಗುವ ಇಂಥ ಕೂಟವನ್ನು ‘ಸೂಪರ್ ಗ್ರೂಪ್’ ಎನ್ನುತ್ತಾರೆ. ಎರಡೇ ವರ್ಷಕ್ಕೆ, 1968ರಲ್ಲಿ ಅದು ಒಡೆಯಿತು. ನಮ್ಮಲ್ಲೂ ಅಂಥದೊಂದು ಕೂಟವಿತ್ತು. ಅದಕ್ಕೆ ಹೆಸರು, ಬೋರ್ಡು ಇರಲಿಲ್ಲ, ಅಷ್ಟೆ. ಅದರ ಬೇರು ಹುಡುಕಿದರೆ ನಾವು ಶಿವಮೊಗ್ಗಕ್ಕೇ ಬರಬೇಕಾಗುತ್ತದೆ.

ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು ಕೆ.ಎಸ್. ನಿಸಾರ್ ಅಹಮದ್. (ಗಟ್ಟಿ ಬಂಡೆಗಳ ಪಾಠ ಹೇಳುತ್ತಿದ್ದ ಮೇಷ್ಟ್ರಿಂದ ಅಷ್ಟು ಮೆದುವಾದ ಹಾಡುಗಳು ಬಂದವು!) 1978ರಲ್ಲಿ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಅದೇ ಸಾಲಿನ ರಾಷ್ಟ್ರಪ್ರಶಸ್ತಿ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಸಂದಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಅವರು ವೃತ್ತಿಯಲ್ಲಿ ವಕೀಲರು. ಸಿ. ಅಶ್ವತ್ಥ್ ಐಟಿಐ ಕಾರ್ಖಾನೆಯ ನೌಕರರು. ಶಿವಮೊಗ್ಗದಲ್ಲೇ ಹುಟ್ಟಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಗೀತೆಗಳಿಗೆ ಅವರು ರಾಗ ಹಾಕಿದರು. ಷರೀಫ್ ಸಾಹೇಬರ ತತ್ವಪದಗಳನ್ನು ಸುಬ್ಬಣ್ಣನವರೊಂದಿಗೆ ಮನೆಮನೆಗೆ ಮುಟ್ಟಿಸಿದರು. ಬರೆದವರು ಯಾವ ಮತದವರು, ಹಾಡಿದವರು ಯಾರು ಎಂದು ಆಗ ಯಾರೂ ಲೆಕ್ಕ ಹಾಕಲಿಲ್ಲ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಮೂಲಕ ಈ ದನಿಗಳು ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವರ ಮನೆಯನ್ನೂ ತಲುಪುತ್ತಿದ್ದವು.

ಇಳಿತ ಸದ್ದಿಲ್ಲದೆ ಬಂತು. ಅನಂತಸ್ವಾಮಿ 1995ರಲ್ಲಿ ತೀರಿಕೊಂಡರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ಕ್ಕೆ ಜನಸಾಗರವೇ ನೆರೆದಿತ್ತು. ಆದರೆ ಹೊತ್ತಿಗೆ ಕ್ಯಾಸೆಟ್ಟಿನ ಕಾಲವೇ ಮುಗಿಯುತ್ತಿತ್ತು. 2009ರ ಜನವರಿಯಲ್ಲಿ ಅನಂತಸ್ವಾಮಿಯವರ ಮಗ ರಾಜು, ಡಿಸೆಂಬರಿನಲ್ಲಿ ಅಶ್ವತ್ಥ್, 2020ರಲ್ಲಿ ನಿಸಾರ್, 2022ರ ಆಗಸ್ಟಿನಲ್ಲಿ ಸುಬ್ಬಣ್ಣ ಹೋದರು. ಕೇಳುಗರಾದ ನಮ್ಮ ಪಾಲೂ ಇದರಲ್ಲಿದೆ. ಯಾವ ವೇದಿಕೆಯಲ್ಲೂ ಅವೇ ಹತ್ತಿಪ್ಪತ್ತು ಹಾಡುಗಳನ್ನು ಕೇಳಿದೆವು, ಹೊಸ ಕವಿತೆಗೆ ಹೊಸ ರಾಗ ಬೇಡಲಿಲ್ಲ.

ಒಡಕು ಮಾತ್ರ ಅವರೆಲ್ಲ ಹೋದ ಮೇಲೂ ಉಳಿಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನು ಅಧಿಕೃತಗೊಳಿಸಿತು. ಅಶ್ವತ್ಥರ ಧಾಟಿಯೇ ಸರಿ ಎಂದು ಗಾಯಕರೊಬ್ಬರು ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು. ಈಗ ಶಾಲೆಗಳಲ್ಲಿ ನಾಡಗೀತೆಗೆ ಅನಂತಸ್ವಾಮಿಯವರದೇ ಧಾಟಿ, ಎರಡೂವರೆ ನಿಮಿಷದ ಅವಧಿ.