ಮೆತ್ತನೆಯ ಕುರ್ಚಿ, ಜೋರು ದನಿ

ಬೆಳಗಿನ ಜಾವ ನಾಲ್ಕೂವರೆ ಗಂಟೆ. ನಮ್ಮ ವಿಮಾನಕ್ಕೆ ಇನ್ನೂ ಎರಡು ಗಂಟೆ ಇತ್ತು. ಬ್ಯಾಂಕಿನವರು ಕೊಟ್ಟ ಕಾರ್ಡೊಂದು ಕಿಸೆಯಲ್ಲಿದ್ದುದರಿಂದ, ಎರಡು ರೂಪಾಯಿಗೆ ಅದನ್ನು ಉಜ್ಜಿಸಿ ವಿಮಾನ ನಿಲ್ದಾಣದ ಲೌಂಜಿನೊಳಗೆ ಹೋದೆ. ಒಳಗೆ ಮೆತ್ತನೆಯ ಕುರ್ಚಿ, ಮಂದ ಬೆಳಕು, ಉಪ್ಪಿಟ್ಟು, ಇಡ್ಲಿ, ಬೇಕಾದಷ್ಟು ಕಾಫಿ. ಒಂದು ನಿದ್ದೆ ತೆಗೆಯೋಣವೆಂದು ಕಣ್ಣು ಮುಚ್ಚಿದ್ದೇ ತಡ, ಹಿಂದಿನ ಕುರ್ಚಿಯಿಂದ ದನಿ ಕೇಳಿತು: "ಸೋಮವಾರಾನೇ ರಿಜಿಸ್ಟ್ರೇಷನ್ ಆಗ್ಬೇಕು ಅಂತ ಹೇಳಿದೀನಿ! ಮೂರನೇ ತಮ್ಮ ಏನಂತೆ? ಆಂ?" ಮೊಬೈಲನ್ನು ಕಿವಿಗೊತ್ತಿಕೊಂಡಿದ್ದ ಐವತ್ತರ ಆಸುಪಾಸಿನ ಗೃಹಸ್ಥರು ಅವರು. ಎಡಗಡೆ ನಾಲ್ವರು ಹುಡುಗರು ಒಂದೇ ಫೋನಿನ ಸುತ್ತ ಕೂತು ಅರ್ಧ ಅರ್ಧ ನಿಮಿಷದ ವಿಡಿಯೊ ನೋಡಿ ನಗುತ್ತಿದ್ದರು. ಪ್ರತಿ ವಿಡಿಯೊಗೂ ಹೊಸ ಹಾಡು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬರ ಫೋನು ಗುನುಗಿತು. ಕೇಳಿದ್ದು ಸಾವಿನ ಸುದ್ದಿಯೆಂದು ಅವರ ಮುಖವೇ ಹೇಳುತ್ತಿತ್ತು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು, ಬಾಗಿಲು ತೆರೆದು ಹೊರಗಿನ ಓಣಿಗೆ ಹೋಗಿ ಮಾತಾಡಿದರು. ಅಳುವವರು ಹೊರಗೆ, ಜಮೀನಿನ ವ್ಯವಹಾರದವರು ಒಳಗೆ!

ಈ ಲೌಂಜ್ ಎಂಬುದು ಹುಟ್ಟಿದ್ದೇ ಗದ್ದಲದಿಂದ ತಪ್ಪಿಸಿಕೊಳ್ಳಲು. ಅದು ಹೇಗೆ ಮತ್ತೆ ಗದ್ದಲದ ಮನೆಯಾಯಿತು ಎಂಬುದಕ್ಕೆ ಒಂದು ಚರಿತ್ರೆ ಇದೆ. ಆ ಚರಿತ್ರೆ ಕೇವಲ ಜನರ ನಡವಳಿಕೆಯದಲ್ಲ.

ನ್ಯೂಯಾರ್ಕಿನ ಲಗಾರ್ಡಿಯ ವಿಮಾನ ನಿಲ್ದಾಣ ಆರಂಭವಾದದ್ದು 1939ರಲ್ಲಿ. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಅಲ್ಲಿ 'ಅಡ್ಮಿರಲ್ಸ್ ಕ್ಲಬ್' ಎಂಬ ಕೊಠಡಿಯನ್ನು ತೆರೆಯಿತು. ವಿಮಾನ ಸಂಸ್ಥೆಯೊಂದು ತನ್ನ ಪ್ರಯಾಣಿಕರಿಗಾಗಿ ತೆರೆದ ಮೊದಲ ಲೌಂಜ್ ಇದೇ ಎನ್ನುತ್ತಾರೆ. ಸಂಸ್ಥೆಯ ಮುಖ್ಯಸ್ಥ ಸಿ. ಆರ್. ಸ್ಮಿತ್ ಅವರ ಯೋಜನೆ ಅದು. ಆಗ ಆ ಸಂಸ್ಥೆ ತನ್ನ ವಿಮಾನಗಳನ್ನು 'ಫ್ಲ್ಯಾಗ್‌ಶಿಪ್' ಎಂದು ಕರೆಯುತ್ತಿತ್ತು. ವಿಮಾನವೇ ಹಡಗಾದ ಮೇಲೆ ಒಳ್ಳೆಯ ಗಿರಾಕಿಗಳು ನೌಕಾಧಿಪತಿಗಳಾಗದೆ ಇರುತ್ತಾರೆಯೇ? ಅವರಿಗೆಲ್ಲ 'ಅಡ್ಮಿರಲ್' ಎಂಬ ಬಿರುದು ಕೊಟ್ಟು ಪ್ರಮಾಣಪತ್ರ ಹಂಚಲಾಯಿತು. ದುಡ್ಡು ಕೊಟ್ಟರೆ ಪ್ರವೇಶವಿಲ್ಲ, ಆಹ್ವಾನ ಬಂದವರಿಗೆ ಮಾತ್ರ. ರಾಜಕಾರಣಿಗಳು, ದೊಡ್ಡ ಉದ್ಯಮಿಗಳು, ಹೆಸರುವಾಸಿ ಜನ ಇಷ್ಟೇ ಅಲ್ಲಿ ಕೂರುತ್ತಿದ್ದವರು.

ಇದರ ಮಾದರಿ ರೈಲು ನಿಲ್ದಾಣದ ವೇಟಿಂಗ್ ರೂಮಲ್ಲ, ಇಂಗ್ಲಿಷರ ಕ್ಲಬ್ಬು. ಲಂಡನ್ನಿನ ಕ್ಲಬ್ಬುಗಳಲ್ಲಿ ಮೌನ ಎಂಬುದು ಪೀಠೋಪಕರಣದಷ್ಟೇ ಸಹಜವಾದ ವಸ್ತು. ಕಾನನ್ ಡಾಯ್ಲ್ 1893ರಲ್ಲಿ ಬರೆದ ಒಂದು ಷರ್ಲಾಕ್ ಹೋಮ್ಸ್ ಕತೆಯಲ್ಲಿ ಡಯೋಜನೀಸ್ ಕ್ಲಬ್ ಎಂಬುದೊಂದು ಬರುತ್ತದೆ. ಅಲ್ಲಿ ಅತಿಥಿಗಳ ಕೋಣೆಯೊಂದನ್ನು ಬಿಟ್ಟು ಬೇರೆಲ್ಲೂ ಬಾಯಿ ತೆರೆಯುವಂತಿಲ್ಲ. ಮೂರು ಸಲ ಮಾತಾಡಿ ಸಿಕ್ಕಿಬಿದ್ದರೆ ಸದಸ್ಯತ್ವವೇ ಹೋಗಬಹುದು! ಕಟ್ಟುಕತೆಯಾದರೂ ಅದರ ಹಿಂದೆ ಒಂದು ನಿಜವಿದೆ. ಕ್ಲಬ್ಬಿನ ಶಿಸ್ತು ಗೋಡೆಯ ಮೇಲಿನ ಫಲಕದಿಂದ ಬಂದದ್ದಲ್ಲ. ಒಬ್ಬರನ್ನೊಬ್ಬರು ಬಲ್ಲ ಜನ, ನಾಳೆಯೂ ಅದೇ ಮುಖ ನೋಡಬೇಕಾದ ಜನ. ಎದುರಿನವರು ಪತ್ರಿಕೆಯ ಅಂಚಿನಿಂದ ಒಮ್ಮೆ ಕಣ್ಣೆತ್ತಿ ನೋಡಿದರೆ ಸಾಕಿತ್ತು. ಮೊದಲ ಲೌಂಜಿನಲ್ಲಿ ನಿಯಮಗಳನ್ನು ಬರೆದು ಹಾಕುವ ಅಗತ್ಯ ಬರಲಿಲ್ಲವೆಂದರೆ ಅದಕ್ಕೆ ಇದೇ ಕಾರಣ.

ಆದರೆ ಆ ಮೌನಕ್ಕೆ ಒಂದು ಬೆಲೆಯಿತ್ತು. ಮಿಕ್ಕವರನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ ಪಡೆದ ಮೌನ ಅದು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಸಂಸ್ಥೆಯವರೇ ತೀರ್ಮಾನಿಸುವುದು ಪಕ್ಷಪಾತ ಎಂಬ ದೂರು 1960ರ ದಶಕದಲ್ಲಿ ಎದ್ದಿತು. ಆಮೇಲೆ ಶುಲ್ಕ ಕೊಟ್ಟವರಿಗೆಲ್ಲ ಸದಸ್ಯತ್ವ ಎಂದಾಯಿತು. 1992ರಲ್ಲಿ 'ಪ್ರಯಾರಿಟಿ ಪಾಸ್' ಎಂಬ ವ್ಯವಸ್ಥೆ ಬಂದು, ಯಾವ ಸಂಸ್ಥೆಯ ವಿಮಾನದಲ್ಲಿ ಹೋಗುವವರಾದರೂ ಒಂದೇ ಕಾರ್ಡಿನಲ್ಲಿ ಹಲವು ದೇಶಗಳ ಲೌಂಜು ಹೊಗಬಹುದಾಯಿತು. ಬಳಿಕ ಕ್ರೆಡಿಟ್ ಕಾರ್ಡಿನವರು ಬಂದರು. ನಮ್ಮ ದೇಶದಲ್ಲಂತೂ ಸಾಮಾನ್ಯ ಡೆಬಿಟ್ ಕಾರ್ಡಿಗೂ ಈ ಭಾಗ್ಯ ಒದಗಿ, ಲೌಂಜಿನ ಬಾಗಿಲಲ್ಲಿ ನ್ಯಾಯಬೆಲೆ ಅಂಗಡಿಯ ಮುಂದಿನಂಥ ಸಾಲು ಬೆಳೆಯಿತು. ನಾನೂ ಆ ಸಾಲಿನಲ್ಲಿ ನಿಂತವನೇ. ಹಾಗಾಗಿ ಬಾಗಿಲು ತೆರೆದದ್ದು ತಪ್ಪೆಂದು ಹೇಳುವ ಅಧಿಕಾರ ನನಗಿಲ್ಲ, ಹಾಗೆ ಅನ್ನಿಸುವುದೂ ಇಲ್ಲ. ಬಾಗಿಲು ತೆರೆಯುವಾಗ ಕ್ಲಬ್ಬಿನ ಬರೆಯದ ಕಟ್ಟಳೆ ತಾನಾಗಿ ಅಳಿದುಹೋಯಿತು, ಅದರ ಜಾಗದಲ್ಲಿ ಬರೆದ ಕಟ್ಟಳೆಯನ್ನು ಯಾರೂ ತರಲಿಲ್ಲ ಎಂಬುದಷ್ಟೇ ತಕರಾರು.

'ಜನ ಕೆಟ್ಟರು' ಎನ್ನುವವರಿಗೆ ಇಲ್ಲೊಂದು ಹಳೆಯ ಸಾಕ್ಷಿಯನ್ನು ನೆನಪಿಸಬೇಕು. 1902ರಲ್ಲಿ ಗಾಂಧೀಜಿ ಕಲ್ಕತ್ತೆಯಲ್ಲಿ ಗೋಖಲೆಯವರ ಜೊತೆ ಒಂದು ತಿಂಗಳಿದ್ದು, ರಾಜಕೋಟೆಗೆ ಮೂರನೇ ದರ್ಜೆಯಲ್ಲಿ ಹೊರಟರು. ಗೋಖಲೆ ಒಂದು ಡಬ್ಬಿಯಲ್ಲಿ ಸಿಹಿ ಉಂಡೆ, ಪೂರಿ ತುಂಬಿಸಿ ಕೊಟ್ಟು, ನಿಲ್ದಾಣದವರೆಗೆ ಬಂದು ಬೀಳ್ಕೊಟ್ಟರು. ಆ ಪ್ರಯಾಣದ ಬಗ್ಗೆ ಆತ್ಮಕಥೆಯಲ್ಲಿ ಬರೆಯುವಾಗ ಗಾಂಧೀಜಿ ರೈಲ್ವೆಯವರ ಉಪೇಕ್ಷೆಯನ್ನಷ್ಟೇ ದೂರಲಿಲ್ಲ. ಸಹಪ್ರಯಾಣಿಕರು ಕಸ ಎಸೆಯುವುದು, ಹೊತ್ತುಗೊತ್ತಿಲ್ಲದೆ ಬೀಡಿ ಸೇದುವುದು, ಎಲೆಯಡಿಕೆ ಉಗಿದು ಇಡೀ ಡಬ್ಬಿಯನ್ನೇ ಪೀಕದಾನಿ ಮಾಡುವುದು, ಪಕ್ಕದವರ ಪರಿವೆಯಿಲ್ಲದೆ ಕೂಗಾಡುವುದು ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಿಂದ ಬೀಡಿಯನ್ನೂ ಎಲೆಯಡಿಕೆಯನ್ನೂ ತೆಗೆದುಹಾಕಿದರೆ ಉಳಿದದ್ದು ಇಂದಿನ ಲೌಂಜಿಗೂ ಹೊಂದುತ್ತದೆ. ಕೂಗು ದರ್ಜೆಯ ಲಕ್ಷಣವೆಂದು ಆಗ ಮೊದಲ ದರ್ಜೆಯವರು ತಿಳಿದಿದ್ದಿರಬಹುದು. ಬಿಸಿನೆಸ್ ಕ್ಲಾಸಿನ ಟಿಕೆಟ್ಟು ಕೈಯಲ್ಲಿದ್ದವರೂ ಅಷ್ಟೇ ಜೋರಾಗಿ ಮಾತಾಡುವುದನ್ನು ನಾವು ಕೇಳುತ್ತಿದ್ದೇವೆ.

ಹಾಗಾದರೆ ಸ್ವಭಾವದಿಂದ ಒರಟರಲ್ಲದವರೂ ಇಂಥ ಜಾಗದಲ್ಲಿ ಯಾಕೆ ದನಿ ಏರಿಸುತ್ತಾರೆ? ಇದಕ್ಕೆ ಮೊದಲು ಉತ್ತರ ಹುಡುಕಿದವರಲ್ಲಿ ಒಬ್ಬ ಫ್ರಾನ್ಸಿನ ಕಿವಿ-ಗಂಟಲಿನ ವೈದ್ಯ ಎಟಿಯೆನ್ ಲೊಂಬಾರ್. ರೋಗಿಯೊಬ್ಬ ಮಾತಾಡುತ್ತಿರುವಾಗ ಅವನ ಕಿವಿಗೆ ಯಂತ್ರದಿಂದ ಸದ್ದು ಕೊಟ್ಟರೆ ಅವನು ತನಗೇ ತಿಳಿಯದಂತೆ ದನಿ ಏರಿಸುತ್ತಾನೆ, ಸದ್ದು ನಿಲ್ಲಿಸಿದೊಡನೆ ದನಿ ಮೊದಲಿನಂತಾಗುತ್ತದೆ ಎಂಬುದನ್ನು ಆತ 1911ರಲ್ಲಿ ಪ್ರಕಟಿಸಿದ. ಕಿವುಡರಂತೆ ನಟಿಸುವವರನ್ನು ಹಿಡಿಯಲು ಈ ಉಪಾಯ ಬಳಕೆಗೆ ಬಂತು. ನಿಜವಾದ ಕಿವುಡ ದನಿ ಏರಿಸುವುದಿಲ್ಲ, ಕಳ್ಳ ಕಿವುಡ ಏರಿಸಿಬಿಡುತ್ತಾನೆ! ಲೌಂಜಿನಲ್ಲಿ ನಡೆಯುವುದೂ ಇದೇ. ಟಿವಿಯ ಮೇಲೆ ಒಬ್ಬರು, ಅವರ ಮೇಲೆ ಇನ್ನೊಬ್ಬರು, ಕಾಫಿ ಯಂತ್ರದ ಬುಸುಗುಟ್ಟುವಿಕೆಯ ಮೇಲೆ ಎಲ್ಲರೂ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ನಮ್ಮ ಕಿವಿಗೆ ಸುಮಾರು ಎರಡರಷ್ಟಾಗಿ ತೋರುತ್ತದೆ. ಹೀಗೆ ಪ್ರತಿಯೊಬ್ಬರೂ ಚೂರುಚೂರೇ ಏರಿಸುತ್ತಾ ಹೋಗಿ ಕಡೆಗೆ ಸಂತೆಯಾಗುತ್ತದೆ. ಆದರೆ ಯಾರಿಗೂ ತಾನು ಕೂಗಿದೆನೆಂದು ಅನ್ನಿಸಿರುವುದಿಲ್ಲ.

ಇದಕ್ಕೆ ಕಟ್ಟಡವೂ ಕೈಜೋಡಿಸುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಮಂದಿರದಲ್ಲಿ 1895ರಲ್ಲಿ ಒಂದು ಪೇಚಾಟ ಉಂಟಾಯಿತು. ಪ್ರಾಧ್ಯಾಪಕರು ಆಡಿದ ಮಾತು ಐದೂವರೆ ಸೆಕೆಂಡಿನವರೆಗೂ ಗುಂಯ್‌ಗುಟ್ಟುತ್ತಿತ್ತು. ಅಷ್ಟರಲ್ಲಿ ಮತ್ತೆ ಹತ್ತಾರು ಮಾತು ಅದರ ಮೇಲೆ ಬಿದ್ದು ಯಾವುದೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬೈನ್ ಎಂಬ ಎಳೆಯ ಭೌತವಿಜ್ಞಾನಿಯ ಪಾಲಿಗೆ ಬಂತು. ಆತ ಪಕ್ಕದ ನಾಟಕ ಮಂದಿರದಿಂದ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಆರ್ಗನ್ನಿನ ಒಂದು ಕೊಳವೆ ಊದಿ, ಗಡಿಯಾರ ಹಿಡಿದು ಸದ್ದು ಆರಲು ಹಿಡಿಯುವ ಕಾಲವನ್ನು ಅಳೆದ. ಬೆಳಗಾಗುವ ಮೊದಲು ದಿಂಬುಗಳನ್ನೆಲ್ಲ ವಾಪಸು ಇಟ್ಟುಬರಬೇಕಿತ್ತು. ಹೀಗೆ ಹಲವು ರಾತ್ರಿ ಹೊತ್ತ ಮೇಲೆ ಗೊತ್ತಾದದ್ದು: ಕೋಣೆ ದೊಡ್ಡದಾದಷ್ಟೂ ಗುಂಯ್‌ಗಾಟ ಹೆಚ್ಚು, ಸದ್ದನ್ನು ಹೀರುವ ಮೆತ್ತನೆಯ ವಸ್ತು ಹೆಚ್ಚಾದಷ್ಟೂ ಅದು ಕಡಿಮೆ. ಇಂದಿನ ನಿಲ್ದಾಣಗಳನ್ನು ನೋಡಿ. ಮೇಲೆ ಎತ್ತರದ ಸೂರು, ಸುತ್ತ ಗಾಜು, ಕೆಳಗೆ ಕನ್ನಡಿಯಂಥ ಗ್ರಾನೈಟು. ಒರೆಸಲು ಸುಲಭ, ಫೋಟೊಕ್ಕೂ ಚೆಂದ. ಸ್ಯಾಬೈನ್ ನೋಡಿದ್ದರೆ ದಿಂಬು ಹೊರಲು ಆಳು ಹುಡುಕುತ್ತಿದ್ದ.

ಇನ್ನು ಫೋನು. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಅಷ್ಟು ತೊಂದರೆಯೆನಿಸದು, ಫೋನಿನಲ್ಲಿ ಒಬ್ಬರೇ ಮಾತಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ, ಯಾಕೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು 2010ರಲ್ಲಿ ಇದನ್ನು ಪರೀಕ್ಷಿಸಿದರು. ಕಂಪ್ಯೂಟರಿನ ತೆರೆಯ ಮೇಲೆ ಗಮನವಿಟ್ಟು ಮಾಡುವ ಕೆಲಸವೊಂದನ್ನು ಜನರಿಗೆ ಕೊಟ್ಟು ಸಂಭಾಷಣೆ ಕೇಳಿಸಿದರು. ಇಬ್ಬರ ಮಾತೂ ಕೇಳಿದಾಗ ಕೆಲಸ ಕೆಡಲಿಲ್ಲ. ಒಂದು ಕಡೆಯ ಮಾತಷ್ಟೇ ಕೇಳಿದಾಗ ತಪ್ಪುಗಳು ಹೆಚ್ಚಿದವು. ಅರ್ಧ ಮಾತು ಕೇಳಿದ ಮಿದುಳು ಉಳಿದರ್ಧವನ್ನು ಊಹಿಸುತ್ತಾ ಕೂರುತ್ತದೆ, ಬೇಡವೆಂದರೂ ಬಿಡುವುದಿಲ್ಲ ಎಂದು ಅವರ ವಿವರಣೆ. ನಿಜ. ಆ ಬೆಳಗಿನ ಜಾವ ಕಣ್ಣು ಮುಚ್ಚಿ ಕೂತ ನಾನು ಮಾಡುತ್ತಿದ್ದುದೂ ಅದನ್ನೇ: ಮೂರನೇ ತಮ್ಮ ಏನಂದಿರಬಹುದು?

ಉಪಕರಣಗಳು ಯಾವಾಗಲೂ ಹೀಗಿರಲಿಲ್ಲ. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ತಂದಾಗ ಅದರ ಮುಖ್ಯಸ್ಥ ಅಕಿಯೊ ಮೊರಿಟ ಅವರನ್ನು ಕಾಡಿದ ಚಿಂತೆ, ಪಕ್ಕದವರನ್ನು ಬಿಟ್ಟು ಒಬ್ಬರೇ ಹಾಡು ಕೇಳುವುದು ಮರ್ಯಾದೆಗೇಡಲ್ಲವೇ ಎಂಬುದು. ಅದಕ್ಕಾಗಿ ಮೊದಲ ವಾಕ್‌ಮನ್ನಿಗೆ ಇಬ್ಬರು ಕಿವಿಗೂಡು ಸಿಕ್ಕಿಸಲು ಎರಡು ತೂತು ಇಡಿಸಿದರು. ಈಗಿನವರು ಇನ್ನೂ ಉದಾರಿಗಳು, ಇಡೀ ಕೋಣೆಗೆ ಕೇಳಿಸುತ್ತಾರೆ.

ಗದ್ದಲಕ್ಕೆ ಮದ್ದು ಹುಡುಕಿದವರೂ ಇದ್ದಾರೆ. 1970ರ ದಶಕದಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೊ ಜರ್ಮನಿಯ ಕಲೋನ್-ಬಾನ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿ ಬಂತು. ಇಷ್ಟು ಸುಂದರ ಕಟ್ಟಡದಲ್ಲಿ ಇಷ್ಟು ಕೆಟ್ಟ ಸಂಗೀತವೇ ಎಂದು ಬೇಸತ್ತು, ನಿಲ್ದಾಣಗಳಿಗೆಂದೇ ನಿಧಾನದ, ಮೆಲುದನಿಯ ಸಂಗೀತವನ್ನು ಆತ ಸಿದ್ಧಪಡಿಸಿದ. ನಡುವೆ ಪ್ರಕಟಣೆ ಬಂದರೂ ಕೆಡಬಾರದು, ಮಾತಿನ ಮೇಲೆ ಏರಿ ಬರಬಾರದು ಎಂಬುದು ಅವನ ಷರತ್ತು. 1978ರಲ್ಲಿ ಅದರ ಧ್ವನಿಮುದ್ರಿಕೆ ಬಂತು. ಎರಡು ವರ್ಷದ ಮೇಲೆ ಅದನ್ನು ನುಡಿಸಿದ್ದು, ಆ ಮೊದಲ ಲೌಂಜ್ ಹುಟ್ಟಿದ ಲಗಾರ್ಡಿಯ ನಿಲ್ದಾಣದ ಇನ್ನೊಂದು ಕಟ್ಟಡದಲ್ಲಿ!

ನಿಲ್ದಾಣದವರು ಹಿಡಿದ ದಾರಿ ಬೇರೆ. ಜಗತ್ತಿನ ಹಲವು ಕಡೆ ಅವರು ತಮ್ಮ ಪ್ರಕಟಣೆಗಳನ್ನೇ ನಿಲ್ಲಿಸಿ 'ನಿಶ್ಶಬ್ದ ನಿಲ್ದಾಣ' ಎಂಬ ಹೆಸರು ತಂದುಕೊಂಡರು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಮೊದಲ ಟರ್ಮಿನಲ್ 2022ರಲ್ಲಿ ಈ ಪದ್ಧತಿಗೆ ಬಂತು. ವಿಮಾನದ ವಿವರವನ್ನು ತೆರೆಯ ಮೇಲೆ ನೋಡಿಕೊಳ್ಳಬೇಕು, ಅಗತ್ಯದ ಸಂಗತಿಯಷ್ಟೇ ಧ್ವನಿವರ್ಧಕದಲ್ಲಿ. ಹಿತವೇನೋ ಹೌದು. ಆದರೆ ಕಣ್ಣು ಮಂಜಾದ, ಇಂಗ್ಲಿಷ್ ಓದಲು ಬಾರದ, ಮೊದಲ ಬಾರಿ ಮಗನ ಊರಿಗೆ ವಿಮಾನ ಹತ್ತುವ ಅಜ್ಜಿಗೆ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ ಆ ದನಿಯೇ ಆಸರೆಯಾಗಿತ್ತು. ಉಪಯೋಗದ ಸದ್ದು ನಿಂತಿತು, ನಿರುಪಯೋಗದ ಸದ್ದನ್ನು ಕೇಳುವವರಿಲ್ಲ.

ವಿಚಿತ್ರವೆಂದರೆ ಈ ವಿಷಯದಲ್ಲಿ ಲೌಂಜಿಗಿಂತ ನಮ್ಮ ಸರ್ಕಾರಿ ಬಸ್ಸೇ ಮುಂದಿದೆ. ಬಸ್ಸಿನಲ್ಲಿ ಮೊಬೈಲಿನ ಹಾಡು, ವಿಡಿಯೊಗಳನ್ನು ಜೋರಾಗಿ ಹಾಕುವುದರ ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹೋಗಿ, 2021ರ ನವೆಂಬರಿನಲ್ಲಿ ಅದನ್ನು ನಿಷೇಧಿಸುವ ಆದೇಶ ಬಂತು. ಕಂಡಕ್ಟರು ಮೊದಲು ಹೇಳಬೇಕು. ಕೇಳದಿದ್ದರೆ ಇಳಿಸಬೇಕು, ಇಳಿಯುವ ತನಕ ಬಸ್ಸನ್ನು ನಿಲ್ಲಿಸಬಹುದು. 2022ರ ಜನವರಿಯಲ್ಲಿ ರೈಲ್ವೆಯವರೂ ಇಂಥದೇ ಸೂಚನೆ ಹೊರಡಿಸಿದರು. ಎಲ್ಲ ಬಸ್ಸಿನಲ್ಲೂ ಇದು ಪಾಲನೆಯಾಗುತ್ತಿದೆಯೆಂದು ಬಸ್ಸು ಹತ್ತುವ ಯಾರೂ ಹೇಳಲಾರರು. ಆದರೂ 'ಸ್ವಲ್ಪ ಕಮ್ಮಿ ಮಾಡ್ರೀ' ಎನ್ನಲು ಕಂಡಕ್ಟರಿಗೆ ಒಂದು ಅಧಿಕಾರ ಸಿಕ್ಕಿತು.

ಲೌಂಜಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಆ ಅಧಿಕಾರ ಇರಲಿಲ್ಲ. ನಾನು ಹೋಗಿ ಕೇಳಿದೆ. "ಗೆಸ್ಟ್‌ಗಳಿಗೆ ನಾವು ಹಾಗೆಲ್ಲ ಹೇಳೋ ಹಾಗಿಲ್ಲ ಸಾರ್, ಕಂಪ್ಲೇಂಟ್ ಮಾಡ್ತಾರೆ" ಎಂದಳು ಪಾಪ. ಆ ಹೊತ್ತಿಗೆ ಸೆರಗಿನ ಹೆಂಗಸು ಒಳಗೆ ಬಂದು ಮತ್ತೆ ಮೂಲೆಯಲ್ಲಿ ಕೂತಿದ್ದರು. ಕೊನೆಗೆ ನಾನೇ ಆ ಗೃಹಸ್ಥರ ಬಳಿ ಬಾಗಿ, "ಸ್ವಾಮಿ, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಅಲ್ಲೊಬ್ಬರಿಗೆ ಕೆಟ್ಟ ಸುದ್ದಿ ಬಂದಿದೆ" ಎಂದೆ. ಜಗಳವಾಗಬಹುದೆಂಬ ಅಳುಕಿತ್ತು. ಅವರು ಫೋನು ಕಿವಿಯಿಂದ ತೆಗೆದು ನಿಜವಾದ ಬೆರಗಿನಿಂದ ನನ್ನನ್ನು ನೋಡಿದರು.

"ಅಯ್ಯೋ, ಅಲ್ಲಿವರೆಗೂ ಕೇಳಿಸ್ತಾ ಇತ್ತಾ?"

ಆಮೇಲೆ ತಾವೇ ದನಿ ತಗ್ಗಿಸಿ, "ಮೂರನೇ ತಮ್ಮ ಸೈನ್ ಹಾಕಲ್ಲ ಅಂತಾನೆ, ಅದಕ್ಕೇ ನೋಡಿ ಇಷ್ಟೆಲ್ಲ" ಎಂದು ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ತೆಗೆದು ನನಗೆ ಜಾಗ ಮಾಡಿಕೊಟ್ಟರು.