ಒಂದು ಚಿತ್ರ, ಎರಡು ನೆಗೆಟಿವ್

1850ರ ದಶಕದ ಭೂದೃಶ್ಯ ಛಾಯಾಚಿತ್ರಗಳಲ್ಲಿ ಆಕಾಶ ಬಹುತೇಕ ಖಾಲಿ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನದ ಗಾಜಿನ ಫಲಕ ನೀಲಿ ಬೆಳಕನ್ನು ಬೇಗ ಹಿಡಿಯುತ್ತಿತ್ತು, ಹಸಿರು ಕೆಂಪುಗಳಿಗೆ ಹೆಚ್ಚುಕಡಿಮೆ ಕುರುಡಾಗಿತ್ತು. ಮರ, ಬಂಡೆ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಮೋಡಗಳು ಅಳಿಸಿಹೋಗುತ್ತಿದ್ದವು. ಮೋಡ ಉಳಿಸಿಕೊಂಡರೆ ನೆಲ ಕಪ್ಪಾಗುತ್ತಿತ್ತು.

ಮೋಡಕ್ಕೆ ಪ್ರತ್ಯೇಕ ನೆಗೆಟಿವ್ ತೆಗೆಯುವ ಸಲಹೆಯನ್ನು ಫ್ರಾನ್ಸಿನ ಇಪ್ಪೊಲೀತ್ ಬಯಾರ್ 1852ರಲ್ಲೇ ಕೊಟ್ಟಿದ್ದ. ಅದನ್ನು ಕಲೆಯಾಗಿಸಿದವನು ಚಿತ್ರಕಲೆಯಲ್ಲಿ ಪಳಗಿದ್ದ ಗುಸ್ತಾವ್ ಲ ಗ್ರೇ. ಆಗ ನೆಗೆಟಿವ್‌ಗೆ ಕಾಗದ ಒತ್ತಿ ಬಿಸಿಲಿಗಿಟ್ಟು ಮುದ್ರಿಸುತ್ತಿದ್ದರು. ಕಾಗದದ ಮೇಲರ್ಧ ಮರೆಮಾಡಿ ಕಡಲನ್ನೂ, ಆಮೇಲೆ ಕೆಳಗಿನರ್ಧ ಮರೆಮಾಡಿ ಇನ್ನೊಂದು ನೆಗೆಟಿವ್‌ನಿಂದ ಆಕಾಶವನ್ನೂ ಮೂಡಿಸಿದರೆ ಸಂದು ದಿಗಂತದ ಗೆರೆಯಲ್ಲೇ ಅಡಗಿಕೊಳ್ಳುತ್ತಿತ್ತು. ಕಡಲಿನ ವಿಷಯ ಈ ವಿಧಾನಕ್ಕೆ ಒದಗಿಬಂದದ್ದೇ ಹೀಗೆ. ಮರಗಳ ತುದಿಯ ಅಂಕುಡೊಂಕು ಅಲ್ಲಿಲ್ಲ. ದಕ್ಷಿಣ ಫ್ರಾನ್ಸಿನ ಸೆತ್‌ನಲ್ಲಿ 1857ರಲ್ಲಿ ತೆಗೆದ ‘ಮಹಾ ಅಲೆ’ ಇಂಥ ಜೋಡಣೆಗಳಲ್ಲಿ ಹೆಸರುವಾಸಿ. ಒಂದೇ ಮೋಡದ ನೆಗೆಟಿವ್ ಬೇರೆ ಬೇರೆ ಕಡಲುಗಳ ಮೇಲೆ ಬಂದದ್ದೂ ಉಂಟು. ಇದನ್ನು ಮೋಸವೆನ್ನುವುದು ನ್ಯಾಯವಲ್ಲ: ದಡದಲ್ಲಿ ನಿಂತವರಿಗೆ ಅಲೆಯೂ ಮೋಡವೂ ಒಟ್ಟಿಗೇ ಕಾಣುತ್ತಿದ್ದವು, ಫಲಕಕ್ಕೆ ಮಾತ್ರ ಆ ಶಕ್ತಿ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಡಾರ್ಕ್‌ರೂಮಿನ ಕೈಚಳಕವೇ ಹೆಚ್ಚಾಗಿ ನೆರವಾಯಿತು. ಒಂದೇ ನೆಗೆಟಿವ್‌ನ ಒಂದು ಭಾಗಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೆಳಕು ಕೊಟ್ಟು ಮುದ್ರಿಸುತ್ತಿದ್ದರು. ಅಣುಬಾಂಬಿನ ಸ್ಫೋಟದ ಚಿತ್ರ ತೆಗೆಯಲು ಅದು ಸಾಲದು. ಅದಕ್ಕಾಗಿ ಅಮೆರಿಕದ ಚಾರ್ಲ್ಸ್ ವೈಕಾಫ್ ಮೂರು ಪದರಗಳ ಫಿಲ್ಮ್ ರೂಪಿಸಿದ. ಒಂದೊಂದು ಪದರದ ಸೂಕ್ಷ್ಮತೆ ಒಂದೊಂದು ಮಟ್ಟದ್ದು. ಒಂದೇ ಕ್ಷಣದ ಹಲವು ಎಕ್ಸ್‌ಪೋಶರ್‌ಗಳು ಒಂದೇ ಫಿಲ್ಮಿನಲ್ಲಿ ದಾಖಲಾದವು.

ಕಂಪ್ಯೂಟರ್ ಬಂದ ಮೇಲೆ ಜೋಡಣೆ ಲೆಕ್ಕಾಚಾರವಾಯಿತು. ಒಂದೇ ದೃಶ್ಯದ ಬೇರೆ ಬೇರೆ ಎಕ್ಸ್‌ಪೋಶರ್‌ಗಳನ್ನು ಕೂಡಿಸುವ ಬಗ್ಗೆ ಸ್ಟೀವ್ ಮನ್ ಮತ್ತು ರೊಸಲಿಂಡ್ ಪಿಕಾರ್ಡ್ 1995ರಲ್ಲಿ ಬರೆದರು. ಅಂಥ ಚಿತ್ರಗಳಿಂದ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ರೀತಿಯನ್ನೇ ಕಂಡುಹಿಡಿದು, ದೃಶ್ಯದ ಪ್ರತಿ ಬಿಂದುವಿನ ಬೆಳಕನ್ನು ಪರಸ್ಪರ ಹೋಲಿಸಿ ಅಳೆಯುವ ದಾರಿಯನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ತೋರಿಸಿದರು. ಬೆಳಕಿನ ಈ ಅಗಾಧ ವ್ಯಾಪ್ತಿಯನ್ನು ಪರದೆಗೆ ಹೊಂದುವಂತೆ ಕುಗ್ಗಿಸುವುದು ಇನ್ನೊಂದು ಕೆಲಸ. ಅದು ಅತಿಯಾದಾಗ ಕಟ್ಟಡಗಳ ಅಂಚಿನಲ್ಲಿ ಕೃತಕ ಪ್ರಭೆ, ಬಣ್ಣಗಳಲ್ಲಿ ವಿಪರೀತ ಗಾಢತೆ. ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಎನ್ನುವ ಈ ವಿಧಾನಕ್ಕೆ ಕೆಟ್ಟ ಹೆಸರು ಬಂದದ್ದು ಇಲ್ಲೇ.

2010ರಲ್ಲಿ ಈ ಸೌಲಭ್ಯ ಐಫೋನಿಗೆ ಬಂತು. ಆದರೆ ಎಕ್ಸ್‌ಪೋಶರ್‌ಗಳ ನಡುವೆ ಎಲೆ ಅಲುಗಿದರೂ, ಮಗು ಕೈ ಬೀಸಿದರೂ ಎರಡೆರಡು ಬಿಂಬ ಮೂಡುತ್ತಿತ್ತು. ಗೂಗಲ್‌ನ ತಂಡ 2016ರಲ್ಲಿ ವಿವರಿಸಿದ ವಿಧಾನದಲ್ಲಿ ಒಂದರ ಹಿಂದೊಂದು ತೆಗೆದ ಎಲ್ಲ ಚಿತ್ರಗಳಿಗೂ ಸಮನಾದ ಕಡಿಮೆ ಎಕ್ಸ್‌ಪೋಶರ್. ಹಾಗಾಗಿ ಆಕಾಶ ಉಳಿಯುತ್ತದೆ, ಅವುಗಳನ್ನು ಹೊಂದಿಸಿ ಸರಾಸರಿ ತೆಗೆದಾಗ ನೆರಳಿನ ಭಾಗದ ಕಾಳುಕಾಳು ಕಡಿಮೆಯಾಗುತ್ತದೆ.